ಖಾಲಿ ಸಮುದ್ರದಲ್ಲಿ ಮೂರು ದೋಣಿ

ಊರಿನವರು ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಅಳತೆಯಕ್ಕ. ಪುರಸಭೆಯ ನೀರಿನ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು, ಊರು ಕುಡಿಯುವ ನೀರಿನಲ್ಲಿ ಏನು ಎಷ್ಟಿದೆ ಎಂದು ಮೂರನೆಯ ದಶಮಾಂಶದ ತನಕ ಬರೆದಿಟ್ಟವಳು ಅವಳು. ಮನೆಯಲ್ಲೂ ಹಾಗೆಯೇ. ಚಹಾಕ್ಕೆ ಸಕ್ಕರೆ ಹಾಕುವಾಗ ಚಮಚದ ಮೇಲಿನ ಗುಡ್ಡೆಯನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡುತ್ತಿದ್ದಳು. "ನಮ್ಮನೆಗೆ ಸಕ್ಕರೆ ಕಾಯಿಲೆ ಬರ್ಬೇಕಾದ್ರೂ ಇವಳ ಹತ್ರ ಅಳತೆ ಕೇಳ್ಕೊಂಡೇ ಬರ್ಬೇಕು" ಎಂದು ಗಂಡ ನೆಂಟರನ್ನು ನಗಿಸುತ್ತಿದ್ದ. ಅವನು ಬಸ್ ನಿಲ್ದಾಣದಲ್ಲಿ ಸಮಯಪಾಲಕನಾಗಿದ್ದು ನಿವೃತ್ತನಾದವನು. ತಡವಾಗಿ ಬರುವ ಬಸ್ಸುಗಳನ್ನು ಮೂವತ್ತು ವರ್ಷ ನೋಡಿ ನೋಡಿ ಅವನಲ್ಲಿ ಸಿಟ್ಟು ಅನ್ನುವುದೇ ಬತ್ತಿಹೋಗಿತ್ತು. ಆ ಮನೆಗೆ ಬೇಕಾದ ಸಿಟ್ಟನ್ನೆಲ್ಲ ಹೆಂಡತಿಯೇ ಇಟ್ಟುಕೊಂಡಿದ್ದಳು.

ನಲವತ್ತೆರಡನೆಯ ವಯಸ್ಸಿನಲ್ಲಿ ಅವಳು ಚಿತ್ರ ಬರೆಯಲು ಕೂತಳು. ಅಕ್ರಿಲಿಕ್ ಬಣ್ಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನೀರಿನಲ್ಲಿ ಕಲಸಬಹುದು, ಇಪ್ಪತ್ತು ನಿಮಿಷದಲ್ಲಿ ಒಣಗುತ್ತದೆ, ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಸುಳ್ಳು ಹೇಳದ ವಸ್ತು ಅನ್ನಿಸಿತ್ತು ಅವಳಿಗೆ. ಅವಳ ಚಿತ್ರಗಳೆಂದರೆ ಊರಿನ ಸುತ್ತಲಿನ ಜಾಗಗಳೇ: ಕೊಯ್ಲಾದ ಮೇಲಿನ ಹೊಲ, ಕೆರೆ ಏರಿ, ಹಿನ್ನೀರಿನ ಕೆಸರುದಂಡೆ, ಸಮುದ್ರ. ಪ್ರತಿ ಚಿತ್ರದ ಹಿಂಬದಿಗೆ ತಾರೀಕು, ಗಂಟೆ, ಗಾಳಿಯ ದಿಕ್ಕು ಬರೆಯುತ್ತಿದ್ದಳು. ಊರಿನ ಚಿತ್ರಕೂಟಕ್ಕೂ ಸೇರಿದ್ದಳು. ಹದಿನಾಲ್ಕು ಮಂದಿಯ ಕೂಟ ಅದು, ಭಾನುವಾರ ಎಲ್ಲರೂ ಒಂದು ವ್ಯಾನಿನಲ್ಲಿ ಹೊರಡುವರು. ಅಧ್ಯಕ್ಷರು ಹಲ್ಲಿನ ಡಾಕ್ಟರು.

ಹಲ್ಲಿನ ಡಾಕ್ಟರು ದಪ್ಪ ದನಿಯ, ಧಾರಾಳ ಕೈಯ ಮನುಷ್ಯ. ವ್ಯಾನಿನ ಏರ್ಪಾಡು, ಚಹಾ, ಪುರಭವನದಲ್ಲಿ ವರ್ಷಕ್ಕೊಂದು ಪ್ರದರ್ಶನ ಎಲ್ಲ ಅವರದೇ ಓಡಾಟ. ಕೂಟದ ಕೋಣೆಯ ಬೀಗದ ಕೈ ಕೂಡ ಅವರ ಹತ್ತಿರವೇ ಇರುತ್ತಿತ್ತು. ಬೇರೆಯವರ ಚಿತ್ರದ ಹಿಂದೆ ನಿಂತು "ಇಲ್ಲೊಂದು ಹಕ್ಕಿ ಬೇಕಿತ್ತು" ಅನ್ನುವುದು ಅವರ ಅಭ್ಯಾಸ. ಕೆಲವರು ಹಕ್ಕಿ ಹಾಕುತ್ತಿದ್ದರು. ಅಳತೆಯಕ್ಕ ಹಾಕುತ್ತಿರಲಿಲ್ಲ.

ಅವಳು ಖಾಲಿ ಸಮುದ್ರವನ್ನು ಬರೆದದ್ದು ಕುಂಚ ಹಿಡಿದ ಹದಿನಾಲ್ಕನೆಯ ವರ್ಷ. ನೀರು ಪೂರ್ತಿ ಹಿಂದೆ ಸರಿದು, ದೋಣಿಗಳೆಲ್ಲ ಹೋಗಿ, ಮರಳಿನಿಂದ ಬಾನಂಚಿನವರೆಗೆ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲದ ಹೊತ್ತು. ಅದೇ ಇಳಿತ ಅದೇ ಗಂಟೆಗೆ ಮತ್ತೆ ಬರಬೇಕಾದರೆ ಹುಣ್ಣಿಮೆಯ ಮರುದಿನ ಅಥವಾ ಅಮಾವಾಸ್ಯೆಯ ಮರುದಿನ ಹೋಗಬೇಕು. ಹಾಗೆ ಏಳು ಸಲ, ಪ್ರಯೋಗಾಲಯಕ್ಕೆ ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋದಳು. ಸಮುದ್ರದಲ್ಲಿ ಒಂಬತ್ತು ಪಟ್ಟೆ ಎಣಿಸಿದಳು. ಬೂದಿಯಲ್ಲಿ ನೇರಳೆ, ನೇರಳೆಯಲ್ಲಿ ಹಸಿರು, ಒಂದರಿಂದ ಇನ್ನೊಂದಕ್ಕೆ ಗೆರೆ ಕಾಣದ ಹಾಗೆ. ಏನೂ ಇಲ್ಲದ್ದನ್ನು ಬರೆಯುವುದು ಎಷ್ಟು ಕಷ್ಟ ಎನ್ನುವುದು ಅವಳಿಗೆ ಆಗಲೇ ತಿಳಿದದ್ದು. ಮುಗಿದ ದಿನ ಚಿತ್ರವನ್ನು ಗೋಡೆಗೆ ಒರಗಿಸಿ ಗಂಡನನ್ನು ಕರೆದಳು. ಅವನು ಬಹಳ ಹೊತ್ತು ನೋಡಿ, "ಇಲ್ಲಿ ಕೂತ್ರೆ ಬಸ್ ಬರೋದೇ ಬೇಡ ಅನ್ಸುತ್ತೆ" ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದು ಸಾಧ್ಯವಿರಲಿಲ್ಲ.

ಪ್ರದರ್ಶನಕ್ಕೆ ಹತ್ತು ದಿನವಿರುವಾಗ ಮಗಳ ಹೆರಿಗೆಗೆಂದು ಅವಳು ಬೇರೆ ಊರಿಗೆ ಹೋಗಬೇಕಾಯಿತು. ಚಿತ್ರವನ್ನು ಕೂಟದ ಕೋಣೆಯಲ್ಲಿ ಬಿಟ್ಟು ಹೋದಳು. ಮೊಮ್ಮಗಳನ್ನು ನೋಡಿದ ಖುಷಿಯಲ್ಲಿ, ಬಸ್ಸಿನಿಂದ ಇಳಿದವಳು ಚೀಲ ಸಮೇತ ನೇರವಾಗಿ ಪುರಭವನಕ್ಕೆ ಬಂದಳು. ಅವಳ ಚಿತ್ರದ ಮುಂದೆ ಜನ ಸೇರಿದ್ದರು. ಸಂದಿಯಿಂದ ಇಣುಕಿ ನೋಡಿದರೆ, ಅವಳ ಸಮುದ್ರದಲ್ಲಿ ಮೂರು ದೋಣಿ ನಿಂತಿದ್ದವು. ಒಂದಕ್ಕೆ ಕೆಂಪು ಹಾಯಿ, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ.

"ಬಂದ್ರಾ ಅಕ್ಕ?" ಹಲ್ಲಿನ ಡಾಕ್ಟರು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. "ನಿಮ್ಮ ಸಮುದ್ರ ಸ್ವಲ್ಪ ಬಿಕೋ ಅಂತಿತ್ತು. ಅದಕ್ಕೇ ಮೂರು ದೋಣಿ ಬಿಟ್ಟೆ. ನೋಡಿ ಈಗ, ಬಂದರು ಕಚೇರಿಯೋರು ಇದನ್ನೇ ಬೇಕು ಅಂದಿದಾರೆ."

ಅವಳು ಚೀಲ ಕೆಳಗಿಡದೆ ದೋಣಿಗಳನ್ನು ಇನ್ನೊಂದು ಸಲ ಎಣಿಸಿದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ಜನ ತಿಳಿದು ಚಪ್ಪಾಳೆ ತಟ್ಟಿದರು. ಜನ ಚದುರಿದ ಮೇಲೆ ಕರವಸ್ತ್ರದ ತುದಿ ಒದ್ದೆ ಮಾಡಿ ಹಳದಿ ಹಾಯಿಯ ಅಂಚನ್ನು ಉಜ್ಜಿ ನೋಡಿದಳು. ಏನೂ ಬರಲಿಲ್ಲ. ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸ್ಪಿರಿಟ್ ಹಾಕಿದರೆ ದೋಣಿಯೂ ಏಳುತ್ತದೆ, ಅದರ ಕೆಳಗಿನ ಸಮುದ್ರವೂ ಏಳುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಗಂಡ ಸಮಾಧಾನ ಹೇಳಿದ. "ಮೂರು ದೋಣಿ ತಾನೆ? ದೋಣಿ ಅಂದ್ಮೇಲೆ ಬರ್ತವೆ, ಹೋಗ್ತವೆ."

"ಇವು ಹೋಗಲ್ಲ" ಎಂದಳು. "ಅದೇ ತೊಂದ್ರೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಸಿಟ್ಟು ಅವಳದು. ಚಿತ್ರ ಬಂದರು ಕಚೇರಿಯ ಗೋಡೆಗೆ ಹೋಯಿತು; ಅವಳು ಕೂಟ ಬಿಡಲಿಲ್ಲ, ಜಗಳ ತೆಗೆಯಲಿಲ್ಲ. ಭಾನುವಾರಗಳಲ್ಲಿ ವ್ಯಾನಿನಲ್ಲಿ ಡಾಕ್ಟರ ಹಿಂದಿನ ಸೀಟಿನಲ್ಲೇ ಕೂತು, ಅವರ ಬೋಳುತಲೆಯ ಹಿಂಭಾಗವನ್ನು ನೋಡುತ್ತ ಹೋಗುತ್ತಿದ್ದಳು. ಒಂದು ವರ್ಷ, ಎರಡು ತಿಂಗಳು.

ಆಮೇಲೆ ಡಾಕ್ಟರೇ ಬಂದು ಬಾಗಿಲು ತಟ್ಟಿದರು. ಹೊಸ ಚಿಕಿತ್ಸಾಲಯ ಕಟ್ಟಿಸಿದ್ದರು. ರೋಗಿಗಳು ಕಾಯುವ ಕೋಣೆಗೆ ಆರಡಿ ಉದ್ದ, ಮೂರಡಿ ಎತ್ತರದ ಚಿತ್ರ ಬೇಕಾಗಿತ್ತು. "ಸಂಜೆ ಸಮುದ್ರ ಇರ್ಲಿ. ಆಕಾಶ ಪೂರ್ತಿ ಕೆಂಪು ಗುಲಾಬಿ. ನೋಡಿದ್ರೆ ಹಲ್ಲುನೋವೇ ಮರ್ತು ಹೋಗ್ಬೇಕು. ಹಾಂ, ದೋಣಿ ಮರೀಬೇಡಿ."

"ಕಿಟಕಿ ಯಾವ ಕಡೆಗಿದೆ?" ಎಂದು ಕೇಳಿದಳು ಅವಳು.

"ಪಡುವಣಕ್ಕೆ. ಮಧ್ಯಾಹ್ನದ ಮೇಲೆ ಬಿಸಿಲು ಗೋಡೆಗೇ ಬೀಳುತ್ತೆ. ಚಿತ್ರ ಝಗ್ ಅನ್ನುತ್ತೆ."

"ಆಗ್ಲಿ, ಬರೆದುಕೊಡ್ತೀನಿ."

ಗಂಡ ಒಳಗಿನಿಂದ ಬಂದು ಹೆಂಡತಿಯ ಮುಖವನ್ನೇ ನೋಡಿದ. ಡಾಕ್ಟರ ಕಾರು ತಿರುವು ದಾಟುವ ತನಕ ಅವಳು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಕಪಾಟಿನಿಂದ ಒಂದು ರಟ್ಟು ತೆಗೆದಳು.

ಮೂರು ವರ್ಷದ ಹಿಂದೆ ಅವಳು ತನಗಾಗಿ ಒಂದು ಪರೀಕ್ಷೆ ಮಾಡಿಕೊಂಡಿದ್ದಳು. ಅಂಗಡಿಯಲ್ಲಿ ಸಿಗುವ ಇಪ್ಪತ್ತೆರಡು ಬಣ್ಣಗಳನ್ನು ಬಿಳಿ ರಟ್ಟಿನ ಮೇಲೆ ಬೆರಳಗಲದ ಪಟ್ಟಿಗಳಾಗಿ ಬಳಿದು, ಪ್ರತಿ ಪಟ್ಟಿಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಅಡುಗೆಮನೆಯ ಪಡುವಣ ಕಿಟಕಿಯಲ್ಲಿ ಒಂದು ವರ್ಷ ನಿಲ್ಲಿಸಿದ್ದಳು. ಇಪ್ಪತ್ತೊಂದು ಬಣ್ಣಗಳು ಬಿಸಿಲು ತಿಂದರೂ ಹೆಚ್ಚುಕಮ್ಮಿ ಹಾಗೇ ಇದ್ದವು. ಒಂದು ಅಗ್ಗದ ಗುಲಾಬಿಗೆಂಪು ಮಾತ್ರ ನಾಲ್ಕು ತಿಂಗಳಿಗೆ ಪೇಲವವಾಗಿ, ವರ್ಷಕ್ಕೆ ಹೆಚ್ಚುಕಮ್ಮಿ ರಟ್ಟಿನ ಬಿಳಿಗೇ ಮರಳಿತ್ತು. ಅದರ ಪಕ್ಕದಲ್ಲಿ ಅವಳ ಸಣ್ಣ ಅಕ್ಷರದಲ್ಲಿ 'ಬಳಸಬಾರದು' ಎಂದಿತ್ತು.

ಮರುದಿನ ಆ ಗುಲಾಬಿಗೆಂಪಿನ ಆರು ಟ್ಯೂಬ್ ತಂದಳು. "ಇದು ಸ್ಕೂಲ್ ಮಕ್ಕಳು ತಗೊಳ್ಳೋದು ಅಕ್ಕ, ನಿಮಗ್ಯಾಕೆ?" ಎಂದು ಅಂಗಡಿಯವನು ಕೇಳಿದ. "ನಾನೂ ಕಲಿತಾ ಇದೀನಿ" ಎಂದಳು.

ಇಪ್ಪತ್ತಾರು ದಿನ ಹಿತ್ತಿಲ ಪಡಸಾಲೆಯಲ್ಲಿ ಬರೆದಳು. ಆಕಾಶಕ್ಕೆಲ್ಲ ಬಿಸಿಲಿಗೆ ಓಡಿಹೋಗುವ ಆ ಗುಲಾಬಿ ಬಣ್ಣ. ದೋಣಿಗಳಿಗೆ ಮಾತ್ರ, ಒಂದು ಕೆಂಪು, ಒಂದು ಹಳದಿ, ಒಂದು ನೀಲಿ ಹಾಯಿಗೆ, ಪಟ್ಟಿಯಲ್ಲಿ ಅತ್ಯಂತ ಗಟ್ಟಿಯಾಗಿ ನಿಂತ ಮೂರು ಬಣ್ಣ. ಆಕಾಶ ಹೋದ ಮೇಲೆ ಡಾಕ್ಟರ ಮೂರು ದೋಣಿಗಳು ಬೂದಿಯಲ್ಲಿ ತೇಲುತ್ತ ಉಳಿಯಬೇಕು, ಬಾಯಿ ತೆರೆದು ಕಾಯುವ ರೋಗಿಗಳೆಲ್ಲ ಅದನ್ನೇ ನೋಡಬೇಕು. ಅವಳನ್ನು ಕಾಡಿದ್ದು ಒಂದೇ: ಅದು ಅವಳು ಬರೆದ ಅತ್ಯುತ್ತಮ ಆಕಾಶವಾಗಿತ್ತು. ಸಾಯುವ ಕರುವಿಗೆ ಹಾಲು ಕುಡಿಸಿದ ಹಾಗೆ, ಕೈ ತನ್ನಷ್ಟಕ್ಕೆ ತಾನು ಪ್ರೀತಿಯಿಂದಲೇ ಕೆಲಸ ಮಾಡಿತ್ತು. ಕೊನೆಗೆ, ಹದಿನೈದು ವರ್ಷದ ಅಭ್ಯಾಸದಂತೆ, ಕೆಳಗಿನ ಬಲಮೂಲೆಯಲ್ಲಿ ಕಪ್ಪಿನಲ್ಲಿ ತನ್ನ ಹೆಸರು ಹಾಕಿದಳು.

ಚಿತ್ರ ಗೋಡೆಗೇರಿದ ದಿನ ಡಾಕ್ಟರು ಅದರ ಎದುರಿಗೆ ರೋಗಿಗಳ ಬೆಂಚಿನಲ್ಲಿ ಹೋಗಿ ಕೂತರು. ಹಕ್ಕಿ ಬೇಕಿತ್ತು ಅನ್ನದೆ ಅವರು ಚಿತ್ರ ನೋಡಿದ್ದು ಅದೇ ಮೊದಲು.

ಸೇಡಿಗೂ ಉಸ್ತುವಾರಿ ಬೇಕು. ಮೂರು ತಿಂಗಳಿಗೊಮ್ಮೆ ಹಲ್ಲು ಶುಚಿ ಮಾಡಿಸಿಕೊಳ್ಳುವ ನೆಪದಲ್ಲಿ ಅವಳು ಹೋಗತೊಡಗಿದಳು. ಅದೇ ಗುಲಾಬಿಯನ್ನು ಬಳಿದ ಅಂಚೆಕಾರ್ಡಿನಷ್ಟು ತುಣುಕೊಂದನ್ನು ಕಪ್ಪು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಯಾರೂ ನೋಡದಾಗ ಅಂಗೈಯಲ್ಲಿ ಬಿಚ್ಚಿ ಆಕಾಶಕ್ಕೆ ಹೋಲಿಸುವಳು. ಮೊದಲ ಸಲ ವ್ಯತ್ಯಾಸ ಅವಳ ಕಣ್ಣಿಗೆ ಮಾತ್ರ ಕಂಡಿತು. ಆರನೆಯ ತಿಂಗಳಿಗೆ ಮೇಲಂಚು ತೆಳುವಾಯಿತು. "ಈ ವಯಸ್ಸಲ್ಲಿ ಇಂಥ ಹಲ್ಲು ಊರಲ್ಲೇ ಯಾರಿಗೂ ಇಲ್ಲ ಅಕ್ಕ" ಎಂದು ಡಾಕ್ಟರು ಬೆರಗಾಗುತ್ತಿದ್ದರು. ಅವರ ಕೈ ಹಗುರ. ನೋಯಿಸುತ್ತಿರಲಿಲ್ಲ. ಅದೂ ಅವಳಿಗೆ ಸಿಟ್ಟೇ.

"ದ್ವೇಷ ಮಾಡೋದಾದ್ರೆ ಹೀಗೆ ಮಾಡ್ಬೇಕು" ಎಂದ ಗಂಡ ಒಂದು ದಿನ. ಅವನಿಗೆ ಎಲ್ಲ ಗೊತ್ತಿತ್ತು. "ಅವರ ಆಕಾಶ ಬಿಳಿ ಆಗೋದ್ರೊಳಗೆ ನಿನ್ನ ಹಲ್ಲು ಬಿಳಿ ಆಯ್ತು."

ಹದಿನಾಲ್ಕನೆಯ ತಿಂಗಳಿಗೆ ಆಕಾಶ ಹಳೆಯ ಸೊಳ್ಳೆಪರದೆಯ ಬಣ್ಣಕ್ಕೆ ಇಳಿದಿತ್ತು. ಅದರಲ್ಲಿ ಮೂರು ದೋಣಿಗಳು ಅಂಗಡಿಯ ಹೊಸ ಆಟಿಕೆಗಳ ಹಾಗೆ ಹೊಳೆಯುತ್ತಿದ್ದವು. ಅಳತೆಯಕ್ಕ ಕಾಯುವ ಬೆಂಚಿನ ಮೇಲೆ ಕೂತು ಕಣ್ತುಂಬ ನೋಡಿದಳು. ಎದೆಯಲ್ಲಿ ತಂಪು ಹರಿಯಿತು. ಆಗ ಚೀಟಿ ಬರೆಯುವ ಹುಡುಗಿ ಮೆಲ್ಲಗೆ ಹೇಳಿದಳು, "ಅಕ್ಕ, ನೀವೇನೂ ಅಂದ್ಕೋಬೇಡಿ. ಬಂದೋರೆಲ್ಲ ಯಾರು ಬರೆದಿದ್ದು ಅಂತ ಕೇಳ್ತಾರೆ. ಡಾಕ್ಟರು, ಪಾಪ ನಮ್ಮ ಅಕ್ಕ, ಅಗ್ಗದ ಬಣ್ಣ ಹಾಕಿ ಮೋಸ ಹೋಗಿದಾರೆ ಅಂತಾರೆ. ಮೂಲೇಲಿ ನಿಮ್ಮ ಹೆಸರೂ ಇದೆಯಲ್ಲ, ಓದ್ಕೊಂಡು ಹೋಗ್ತಾರೆ."

ಅವಳು ಬಲಮೂಲೆ ನೋಡಿದಳು. ಕಪ್ಪು ಒಂದಿಷ್ಟೂ ಮಾಸಿರಲಿಲ್ಲ. ಮಾಸುವ ಬಣ್ಣದ ಚಿತ್ರಕ್ಕೆ ಮಾಸದ ಬಣ್ಣದಲ್ಲಿ ಸಹಿ ಹಾಕಿದ್ದಳು. ತನ್ನ ಕೈಯಾರೆ ತಲೆಯ ಮೇಲೆ ಚಪ್ಪಡಿ ಎಳೆದುಕೊಂಡಿದ್ದಳು, ಅಳತೆ ಮಾಡಿ.

ಅದೇ ವಾರ ಗ್ರಂಥಾಲಯದಿಂದ ಕಾಗದ ಬಂತು. ಓದುವ ಕೋಣೆಗೆ ಹೊಲಗಳ ನಾಲ್ಕು ಚಿತ್ರ ಬೇಕೆಂದು ಅವರು ಮೊದಲೇ ಕೇಳಿದ್ದರು. ಆರು ತಿಂಗಳಿಂದ ಅವಳು ಅದರಲ್ಲೇ ಮುಳುಗಿದ್ದಳು. ನಾಲ್ಕು ಹೊಲಗಳೂ ಮುಗಿಯುತ್ತ ಬಂದಿದ್ದವು. ಕಾಗದದಲ್ಲಿ ಮೂರೇ ಸಾಲು: ತಮ್ಮ ಚಿತ್ರಗಳ ಬಣ್ಣ ನಿಲ್ಲುವುದಿಲ್ಲವೆಂದು ತಿಳಿದುಬಂದಿರುವುದರಿಂದ, ವಿಷಾದದೊಂದಿಗೆ. ಇಪ್ಪತ್ತೊಂಬತ್ತು ವರ್ಷ ಅವಳು ಸಹಿ ಹಾಕಿದ ನೀರನ್ನು ಊರು ಎರಡು ಸಲ ಯೋಚಿಸದೆ ಕುಡಿದಿತ್ತು. ಈಗ ಅವಳ ಸಹಿಯನ್ನು ನಂಬಿ ಗೋಡೆಗೆ ಮೊಳೆ ಹೊಡೆಯಲು ಯಾರಿಗೂ ಧೈರ್ಯವಿಲ್ಲ. ಕಾಗದವನ್ನು ಮಡಿಸಿ ಮಡಿಸಿ ಬೆರಳಗಲ ಮಾಡಿದಳು. ಗಂಡ ಚಹಾ ಮಾಡಿ ತಂದಿಟ್ಟ. ಸಕ್ಕರೆಯನ್ನು ಸಮ ಮಾಡಿಯೇ ಹಾಕಿದ್ದ.

ಮರುದಿನ ಅವಳು ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಳು. ಯಾಕೆ ಬಂದೆ, ಏನು ಹೇಳಬೇಕು ಎನ್ನುವುದು ಅವಳಿಗೇ ಖಚಿತವಿರಲಿಲ್ಲ. ಡಾಕ್ಟರು ಅವಳ ಕೆನ್ನೆಯೊಳಗೆ ಹತ್ತಿ ತುರುಕಿ, ತಮ್ಮ ಪಾಡಿಗೆ ಮಾತಾಡುತ್ತಿದ್ದರು.

"ಆ ಆಕಾಶದ ವಿಷಯ ಮನಸ್ಸಿಗೆ ಹಚ್ಕೋಬೇಡಿ ಅಕ್ಕ. ಎಲ್ಲರಿಗೂ ಆಗುತ್ತೆ. ಈ ಭಾನುವಾರ ನಾನೇ ಏಣಿ ಹತ್ತಿ ಅದಕ್ಕೊಂದು ಕೈ ಹಾಕ್ತೀನಿ. ಒಂದೆರಡು ಹಕ್ಕಿನೂ ಬಿಟ್ಟರೆ..."

ಅವಳು ಅವರ ಮಣಿಕಟ್ಟು ಹಿಡಿದಳು. ಎದ್ದು ಕೂತಳು. ಹತ್ತಿ ಉಗಿದು, ನೀರು ಮುಕ್ಕಳಿಸಿ, ಬಾಯಿ ಒರೆಸಿಕೊಂಡಳು.

"ನನ್ನ ಚಿತ್ರಾನ ಇನ್ನೊಂದು ಸಲ ಮುಟ್ಟಿ ನೋಡಿ" ಎಂದಳು.

"ಅಕ್ಕ?"

ಪರ್ಸಿನಿಂದ ಕಪ್ಪು ಕಾಗದ ಬಿಚ್ಚಿ ಗುಲಾಬಿ ತುಣುಕನ್ನು ಉಪಕರಣಗಳ ತಟ್ಟೆಯಲ್ಲಿ ಇಟ್ಟಳು. "ಇದು ನಿಮ್ಮ ಆಕಾಶ. ಮೊದಲನೇ ದಿನದ್ದು. ನಾನು ಯಾರ ಹತ್ರಾನೂ ಮೋಸ ಹೋಗಿಲ್ಲ. ಈ ಬಣ್ಣ ವರ್ಷಕ್ಕೆ ಹೋಗುತ್ತೆ ಅಂತ ಗೊತ್ತಿದ್ದೇ ಹಾಕಿದೆ. ನಿಮ್ಮ ದೋಣಿ ಮಾತ್ರ ಉಳೀಲಿ ಅಂತ."

ಡಾಕ್ಟರು ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಗದ್ದಕ್ಕೆ ಇಳಿಸಿದರು. "ಆ ಮೂರು ದೋಣಿಗಾ?"

"ಏಳು ಇಳಿತಕ್ಕೆ. ಎರಡು ಹುಣ್ಣಿಮೆಗೆ ಜ್ವರ ಇತ್ತು ನಂಗೆ, ಆದ್ರೂ ಹೋಗಿದ್ದೆ. ನೀವು ಎಷ್ಟು ಹೊತ್ತು ತಗೊಂಡ್ರಿ?"

"ಅರ್ಧ ಗಂಟೆ" ಎಂದರು ಅವರು. ಸುಳ್ಳು ಹೇಳಲು ತೋಚಲಿಲ್ಲವೋ ಏನೋ. "ನಿಮಗೆ ಖುಷಿ ಆಗಿದೆ ಅಂದ್ಕೊಂಡಿದ್ದೆ. ಏನೂ ಅನ್ಲಿಲ್ಲ ನೀವು."

"ಏನನ್ನಲಿ? ನಿಮ್ಮ ರೋಗಿಗೆ ನಾನು ಬಂದು ಇನ್ನೊಂದು ಹಲ್ಲು ಕೂರಿಸಿ ಹೋದ್ರೆ ನೀವೇನಂತೀರಿ?"

ಅವರು ತಿರುಗುವ ಸ್ಟೂಲಿನ ಮೇಲೆ ಕೂತು, ತೆರೆದ ಬಾಗಿಲಿನಿಂದ ಹೊರಕೋಣೆಯ ಗೋಡೆ ನೋಡಿದರು. "ದಿನಾ ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಅದನ್ನೇ ನೋಡ್ತಿದ್ದೆ" ಎಂದರು. "ಅಷ್ಟು ಚೆನ್ನಾಗಿತ್ತು. ದಿನಾ ಒಂಚೂರು ಹೋಗ್ತಿತ್ತು. ಮನೆಯೋರು ಯಾರೋ ಸೊರಗ್ತಿರೋದನ್ನ ನೋಡಿದ ಹಾಗೆ ಆಗ್ತಿತ್ತು ಅಕ್ಕ. ಯಾರಿಗೆ ಹೇಳೋದು ಇದನ್ನ?"

"ನಂಗೂ ಹಾಗೇ ಆಗ್ತಿತ್ತು" ಎಂದಳು ಅಳತೆಯಕ್ಕ. ಇದನ್ನು ಕೇಳಲೆಂದೇ ಎರಡೂವರೆ ವರ್ಷ ಕಾದಿದ್ದಳು. ಕೇಳಿದ ಮೇಲೂ ಕರುಣೆಯೇನೂ ಹುಟ್ಟಲಿಲ್ಲ. ಬೇಕಾದದ್ದು ಇನ್ನೂ ಬಾಕಿ ಇದೆ ಎಂಬುದಷ್ಟೇ ಸ್ಪಷ್ಟವಾಯಿತು. "ನಿಮ್ಮ ಆಕಾಶ ಮತ್ತೆ ಬರೆದುಕೊಡ್ತೀನಿ, ನಿಲ್ಲೋ ಬಣ್ಣದಲ್ಲಿ. ಅದಕ್ಕೆ ಮೊದಲು ಬಂದರು ಕಚೇರೀಲಿ ನನ್ನ ಸಮುದ್ರ ಖಾಲಿ ಆಗ್ಬೇಕು. ನೀವೇ ಖಾಲಿ ಮಾಡ್ಬೇಕು. ನಿಮ್ಮ ಕೈಯಿಂದ."

"ನನ್ನ ಕೈಗೆ ಆ ಬಣ್ಣ ಬರಲ್ಲ."

"ಬರೋ ತನಕ."

ಆ ಸಂಜೆ ಅವಳು ಗ್ರಂಥಾಲಯಕ್ಕೆ ಕಾಗದ ಬರೆದಳು. ಇಪ್ಪತ್ತೆರಡು ಪಟ್ಟಿಗಳ ರಟ್ಟನ್ನು ಜೊತೆಗಿಟ್ಟು, ಹೊಲಗಳಿಗೆ ಬಳಸಿದ ಹನ್ನೊಂದು ಬಣ್ಣಗಳಿಗೆ ಗುರುತು ಹಾಕಿ, ಚಿಕಿತ್ಸಾಲಯದ ಚಿತ್ರದಲ್ಲಿ ಇಪ್ಪತ್ತೆರಡನೆಯದನ್ನು ತಿಳಿದೇ ಬಳಸಿದ್ದಾಗಿಯೂ ಅದು ಜಗಳದ ವಿಷಯವಾಗಿತ್ತೆಂದೂ ಒಪ್ಪಿಕೊಂಡಳು. "ಕೊನೇ ಸಾಲು ಬಿಟ್ಟಿದ್ರೆ ಆಗ್ತಿತ್ತು" ಎಂದ ಗಂಡ. ಅವಳು ಬಿಡಲಿಲ್ಲ. ಹದಿನೈದು ದಿನದ ಮೇಲೆ ಉತ್ತರ ಬಂತು: ಒಂದು ಚಿತ್ರವನ್ನು ಮಾತ್ರ ಕಿಟಕಿಯ ಎದುರು ಒಂದು ವರ್ಷ ತೂಗುಹಾಕಿ ನೋಡುತ್ತಾರೆ, ಮಿಕ್ಕ ಮೂರರ ಮಾತು ಆಮೇಲೆ. ಅವಮಾನವೆನ್ನಿಸಿತು. ಆದರೆ ಅವರ ಜಾಗದಲ್ಲಿದ್ದಿದ್ದರೆ ತಾನೂ ಹಾಗೆಯೇ ಮಾಡುತ್ತಿದ್ದೆ ಎಂದೂ ಅನ್ನಿಸಿತು. ಅತ್ಯಂತ ಒಳ್ಳೆಯ ಹೊಲವನ್ನು ಕಳಿಸಿದಳು.

ಶನಿವಾರ ಮಧ್ಯಾಹ್ನ ಬಂದರು ಕಚೇರಿಯ ಸಭಾಕೋಣೆಯಲ್ಲಿ ಚಿತ್ರವನ್ನು ಗೋಡೆಯಿಂದ ಇಳಿಸಿ ಮೇಜಿಗೆ ಒರಗಿಸಿದರು. ಕಚೇರಿಯ ಗುಮಾಸ್ತ ಬಾಗಿಲಲ್ಲಿ ನಿಂತು ಗೊಣಗಿದ, "ದೋಣಿ ತೆಗೀತೀರಾ? ಬಂದರು ಕಚೇರೀಲಿ ದೋಣಿ ಇಲ್ದೆ ಏನ್ರೀ ಇರ್ಬೇಕು?"

"ಕಿಟಕಿ ತೆಗೀರಿ, ಬೇಕಾದಷ್ಟು ಇವೆ" ಎಂದಳು ಅಳತೆಯಕ್ಕ.

ಡಾಕ್ಟರು ಸಣ್ಣ ಸ್ಟೂಲಿನ ಮೇಲೆ ಮೊಣಕಾಲು ಮಡಿಸಿ ಕೂತರು. ಮೊದಲು ಹಳದಿ ಹಾಯಿ. ತಟ್ಟೆಯಲ್ಲಿ ನೀಲಿಗೆ ಬಿಳಿ ಸೇರಿಸಿ, ಪಕ್ಕದ ಸಮುದ್ರ ನೋಡಿ, ಸರಿಯಾಯಿತು ಎಂದು ಕುಂಚ ಎತ್ತಿದರು.

"ಕಾಗದದ ಮೇಲೆ ಹಚ್ಚಿ. ಒಣಗಲಿ" ಎಂದಳು. ಗಡಿಯಾರ ನೋಡುತ್ತ ಕೂತಳು. ಒಣಗಿದಾಗ ಅದು ಎರಡು ಪಟ್ಟು ಕಪ್ಪಾಗಿ, ಸಮುದ್ರದ ಮೇಲಿನ ಎಣ್ಣೆಕಲೆಯ ಹಾಗೆ ಕಂಡಿತು. "ಈ ಬಣ್ಣ ಹಸಿಯಿದ್ದಾಗ ತಿಳಿ, ಒಣಗಿದ ಮೇಲೆ ಗಾಢ. ಅದನ್ನ ಮೊದಲೇ ಎಣಿಸ್ಬೇಕು. ಇನ್ನೊಂದು ಸಲ."

ಎರಡನೆಯದು ತೀರಾ ತಿಳಿಯಾಯಿತು. ಮೂರನೆಯದಕ್ಕೆ ಹಸಿರು ಸಾಲಲಿಲ್ಲ. ನಾಲ್ಕನೆಯದಕ್ಕೆ ಅವರ ಬೆನ್ನು ನೋಯತೊಡಗಿತು. ಗುಮಾಸ್ತ ಎರಡು ಸಲ ಚಹಾ ತಂದ, ಮೂರನೆಯ ಸಲ ತಾನೂ ಕುರ್ಚಿ ಎಳೆದುಕೊಂಡು ಕೂತ. ಅಂದು ಹಾಯಿಯ ತುದಿ ಹೆಬ್ಬೆರಳಿನಷ್ಟು ಮಾತ್ರ ಮುಚ್ಚಿತು. ಮುಂದಿನ ಶನಿವಾರ ಅದರ ಕೆಳಗಿನ ಪಟ್ಟೆ; ಅದರ ಬಣ್ಣವೇ ಬೇರೆ, ಮತ್ತೆ ಮೊದಲಿನಿಂದ. ಡಾಕ್ಟರು ಚಿಕಿತ್ಸಾಲಯಕ್ಕೆ ಶನಿವಾರ ಮಧ್ಯಾಹ್ನದ ರಜೆ ಎಂದು ಬರೆಸಿದರು. ಹಳದಿ ಹಾಯಿಯ ದೋಣಿಗೆ ನಾಲ್ಕು ವಾರ ಹಿಡಿಯಿತು. ಇಷ್ಟು ದಿನವೂ ಅಳತೆಯಕ್ಕ ಕುಂಚ ಮುಟ್ಟಲಿಲ್ಲ. ಮುಟ್ಟಿದ್ದರೆ ಒಂದು ಮಧ್ಯಾಹ್ನದ ಕೆಲಸ. ಕೈ ತುರಿಸುತ್ತಿತ್ತು, ಮಡಿಲಲ್ಲಿ ಒಂದರ ಮೇಲೊಂದು ಒತ್ತಿ ಇಟ್ಟುಕೊಂಡಿದ್ದಳು.

ಏಳನೆಯ ಶನಿವಾರ, ನೀಲಿ ಹಾಯಿಯ ದೋಣಿ ಮುಗಿಯುತ್ತ ಬಂದಾಗ, ಡಾಕ್ಟರು ಕುಂಚ ಇಳಿಸಿ ಚಿತ್ರಕ್ಕೆ ಮುಖ ಹತ್ತಿರ ತಂದರು. ಹಲ್ಲು ನೋಡುವಾಗ ಬಗ್ಗುವ ಹಾಗೆ.

"ಅಕ್ಕ, ಇದರಲ್ಲಿ ನೀಲೀನೇ ಇಲ್ಲವಲ್ಲ" ಎಂದರು. "ನೇರಳೆ, ಬೂದಿ, ಒಂಚೂರು ಹಸಿರು. ದೂರದಿಂದ ನೀಲಿ ಕಾಣುತ್ತೆ ಅಷ್ಟೇ. ಇಷ್ಟು ದಿನ ನಾನು ನೋಡೇ ಇರ್ಲಿಲ್ಲ."

ಆ ಮಾತು ಅವಳ ಮಟ್ಟಿಗೆ ಚಪ್ಪಾಳೆಗಿಂತ ದೊಡ್ಡದು. ಅದನ್ನು ಅವಳು ಮುಖದಲ್ಲಿ ತೋರಗೊಡಲಿಲ್ಲ.

"ಕೆಂಪು ದೋಣಿ ಒಂದು ಉಳಿದಿದೆ" ಎಂದರು ಅವರು, ಮೆತ್ತಗೆ. "ಚಿಕ್ಕದು. ಇಲ್ಲಿನೋರಿಗೂ ಇಷ್ಟ. ಅದೊಂದನ್ನ ಬಿಡೋಣ್ವಾ?"

ಗುಮಾಸ್ತ ಆಸೆಯಿಂದ ತಲೆ ಎತ್ತಿದ.

"ಅದು ಬಾನಂಚಿನ ಪಟ್ಟೆಯಲ್ಲಿದೆ" ಎಂದಳು ಅಳತೆಯಕ್ಕ. "ಎಲ್ಲಕ್ಕಿಂತ ಕಷ್ಟದ್ದು. ಮುಂದಿನ ವಾರ ಕನ್ನಡಕ ಮರೀಬೇಡಿ."